ಕ್ಯಾಟ್ಸ್: ಕ್ರ್ಯಾಶ್ ಅರೀನಾ ಟರ್ಬೊ ಸ್ಟಾರ್ಸ್ – ಪದೇ ಪದೇ ಕೇಳುವ ಪ್ರಶ್ನೆಗಳು

ಈ ಆಟವನ್ನು ಹೊಸದಾಗಿ ಇನ್‌ಸ್ಟಾಲ್ ಮಾಡಿಕೊಂಡವರಿಗೆ ಹೆಚ್ಚುಕಡಿಮೆ ಒಂದೇ ಬಗೆಯ ಗೊಂದಲಗಳು ಬರುತ್ತವೆ. ಗಾಡಿ ಯಾಕೆ ಮಗುಚಿತು, ನಂಬರ್ ಜಾಸ್ತಿ ಇದ್ದರೂ ಯಾಕೆ ಸೋತೆ, ದುಡ್ಡು ಹಾಕದೆ ಮುಂದೆ ಹೋಗಲು ಆಗುತ್ತದಾ – ಹೀಗೆ. ಅಂಥ ಪ್ರಶ್ನೆಗಳನ್ನೆಲ್ಲ ಇಲ್ಲಿ ಒಟ್ಟು ಮಾಡಿದ್ದೇನೆ. ಗಾಡಿ ಕಟ್ಟುವ ವಿಷಯಕ್ಕೆ ಹೆಚ್ಚು ಜಾಗ ಕೊಟ್ಟಿದ್ದೇನೆ, ಯಾಕೆಂದರೆ ಈ ಆಟದ ಜೀವ ಇರುವುದು ಅಲ್ಲೇ. ಬೆಲೆ, ಬಹುಮಾನ, ಮೆನು ಎಲ್ಲವೂ ಅಪ್‌ಡೇಟ್ ಬಂದಾಗ ಬದಲಾಗುವಂಥವು. ಅವುಗಳ ಪಟ್ಟಿ ಇಲ್ಲಿಲ್ಲ.

ಇದು ಯಾವ ಬಗೆಯ ಆಟ? ಮಾಡಿದವರು ಯಾರು?

ಬಿಡಿಭಾಗಗಳನ್ನು ಜೋಡಿಸಿ ಒಂದು ಕಾಳಗದ ಗಾಡಿ ಕಟ್ಟಿ, ಅದನ್ನು ಬೇರೆ ಆಟಗಾರರ ಗಾಡಿಗಳ ಮೇಲೆ ಬಿಡುವ ಉಚಿತ ಮೊಬೈಲ್ ಆಟ. ಗಾಡಿ ಕಟ್ಟುವವರೂ ಓಡಿಸುವವರೂ ಬೆಕ್ಕುಗಳು, ಅದಕ್ಕೇ ಈ ಹೆಸರು. ಮಾಡಿದ್ದು ಝೆಪ್ಟೋಲ್ಯಾಬ್. 2010ರಲ್ಲಿ ಬಂದ ‘ಕಟ್ ದ ರೋಪ್’ ನೆನಪಿದೆಯಲ್ಲ, ಹಗ್ಗ ಕತ್ತರಿಸಿ ಹಸಿರು ಬಣ್ಣದ ಓಂ ನೋಮ್‌ನ ಬಾಯಿಗೆ ಮಿಠಾಯಿ ಬೀಳಿಸುವ ಆಟ, ಅದೂ ಇವರದ್ದೇ. ಕ್ಯಾಟ್ಸ್ 2017ರ ಏಪ್ರಿಲ್‌ನಲ್ಲಿ ಆಂಡ್ರಾಯ್ಡ್ ಮತ್ತು ಐಫೋನ್ ಎರಡಕ್ಕೂ ಬಂತು. ಎರಡು ಆಟಗಳ ನೋಟ ಬೇರೆ ಬೇರೆ, ಆದರೆ ಬೇರು ಒಂದೇ: ತೂಕ, ತೂಗಾಟ, ತಳ್ಳಾಟ. ಹಗ್ಗದ ಆಟದಲ್ಲಿ ಭೌತಶಾಸ್ತ್ರವನ್ನು ಎಷ್ಟು ಅಚ್ಚುಕಟ್ಟಾಗಿ ಬಳಸಿದ್ದರೋ ಇಲ್ಲೂ ಹಾಗೇ ಬಳಸಿದ್ದಾರೆ.

ಕಾಳಗ ಶುರುವಾಯಿತು, ಒತ್ತಲು ಒಂದು ಬಟನ್ನೂ ಕಾಣುತ್ತಿಲ್ಲ. ನನ್ನ ಫೋನಿನ ಸಮಸ್ಯೆಯೇ?

ಅಲ್ಲ. ಕಾಳಗ ತನ್ನಷ್ಟಕ್ಕೆ ನಡೆಯುತ್ತದೆ. ಎರಡೂ ಗಾಡಿಗಳು ಎರಡು ತುದಿಯಿಂದ ಹೊರಟು ಡಿಕ್ಕಿ ಹೊಡೆದು, ಕೆಲವೇ ಸೆಕೆಂಡುಗಳಲ್ಲಿ ಒಂದು ಗೆಲ್ಲುತ್ತದೆ. ನೀವು ನೋಡಬಹುದು, ಅಷ್ಟೆ.

ಹಾಗಿದ್ದರೆ ಇದರಲ್ಲಿ ನನ್ನ ಕೈಚಳಕ ಏನಿದೆ?

ಕೈಚಳಕ ಇಲ್ಲ, ತಲೆಯಿದೆ. ಬಹಳ ಜನ ಇಲ್ಲೇ ಆಟ ಬಿಟ್ಟುಬಿಡುತ್ತಾರೆ, ಅದು ನನಗೆ ನಿಜಕ್ಕೂ ಬೇಸರದ ಸಂಗತಿ. ಕಾಳಗದ ತೀರ್ಮಾನ ಗ್ಯಾರೇಜಿನಲ್ಲೇ ಆಗಿಹೋಗಿರುತ್ತದೆ. ಯಾವ ಬಾಡಿಗೆ (ಗಾಡಿಯ ಒಡಲಿಗೆ) ಯಾವ ಚಕ್ರ ಹಾಕಿದಿರಿ, ಆಯುಧ ಎಷ್ಟು ಎತ್ತರದಲ್ಲಿದೆ, ಗಾಡಿಯ ಮೂಗು ನೆಲಕ್ಕೆ ಎಷ್ಟು ಹತ್ತಿರ – ಈ ಸಣ್ಣ ಸಣ್ಣ ಆಯ್ಕೆಗಳೇ ಅಖಾಡದಲ್ಲಿ ಗೆಲುವು ಸೋಲುಗಳಾಗಿ ಕಾಣಿಸಿಕೊಳ್ಳುತ್ತವೆ. ಬೆರಳಿನ ವೇಗ ಇಲ್ಲದವರು, ವಯಸ್ಸಾದವರು, ಕೈ ನಡುಗುವವರು ಕೂಡ ಉಳಿದವರಿಗೆ ಸರಿಸಮನಾಗಿ ಆಡಬಹುದಾದ ಪೈಪೋಟಿಯ ಆಟಗಳು ಮೊಬೈಲ್‌ನಲ್ಲಿ ಹೆಚ್ಚಿಲ್ಲ. ಇದು ಅಂಥದ್ದು.

ಎದುರಾಳಿ ನಿಜವಾದ ಆಟಗಾರನೇ?

ಗಾಡಿ ನಿಜವಾದ ಆಟಗಾರ ಕಟ್ಟಿದ್ದು. ಆದರೆ ಆ ಹೊತ್ತಿನಲ್ಲಿ ಆತ ಆನ್‌ಲೈನ್ ಇರಬೇಕೆಂದಿಲ್ಲ. ನೀವು ಮಲಗಿದ್ದಾಗಲೂ ನಿಮ್ಮ ಗಾಡಿಯ ಮೇಲೆ ಯಾರೋ ಕಾಳಗಕ್ಕೆ ಬಂದಿರುತ್ತಾರೆ. ಬೆಳಿಗ್ಗೆ ನೋಡಿದಾಗ ಪಟ್ಟಿಯಲ್ಲಿ ನಿಮ್ಮ ಸ್ಥಾನ ಕೆಳಗಿಳಿದಿದ್ದರೆ ಗಾಬರಿಯಾಗಬೇಡಿ.

ಗಾಡಿಯಲ್ಲಿ ಏನೇನು ಇರುತ್ತದೆ?

ಬಾಡಿ, ಚಕ್ರ, ಆಯುಧ, ಗ್ಯಾಜೆಟ್ – ಈ ನಾಲ್ಕು. ಬಾಡಿ ಮತ್ತು ಚಕ್ರ ಗಾಡಿಗೆ ಆರೋಗ್ಯ ಕೊಡುತ್ತವೆ, ಆಯುಧ ಹೊಡೆತ ಕೊಡುತ್ತದೆ, ಗ್ಯಾಜೆಟ್ ಚಲನೆಯ ಆಟ ಆಡಿಸುತ್ತದೆ: ಎದುರಿನವನನ್ನು ಎತ್ತುವುದು, ನಮ್ಮ ಗಾಡಿಯನ್ನು ಮುಂದಕ್ಕೆ ನೂಕುವುದು, ಹಿಂದಕ್ಕೆ ಸರಿಸುವುದು, ಕೊಕ್ಕೆ ಹಾಕಿ ಎಳೆಯುವುದು.

ಹೊಸಬರ ಕಣ್ತಪ್ಪುವ ವಿಷಯ ಒಂದಿದೆ. ಒಂದೇ ಹೆಸರಿನ ಎರಡು ಬಾಡಿಗಳು ಒಂದೇ ಥರ ಇರಬೇಕೆಂದಿಲ್ಲ. ಒಂದರಲ್ಲಿ ಆಯುಧದ ಜಾಗ ಮೇಲಿದ್ದರೆ ಇನ್ನೊಂದರಲ್ಲಿ ಮುಂದಿರುತ್ತದೆ. ಚಕ್ರದ ಜಾಗವೂ ಹಿಂದೆ ಮುಂದೆ ಆಗಿರುತ್ತದೆ. ಹಾಗಾಗಿ ‘ಇದು ಆಗಲೇ ನನ್ನ ಹತ್ತಿರ ಇದೆ’ ಎಂದು ಹೊಸ ಬಾಡಿಯನ್ನು ನೋಡದೆಯೇ ಬೇರೆ ಭಾಗಕ್ಕೆ ಸೇರಿಸಿ ಕರಗಿಸಬೇಡಿ. ಆರೋಗ್ಯ ಸ್ವಲ್ಪ ಕಡಿಮೆ ಇದ್ದರೂ ಜಾಗಗಳು ಚೆನ್ನಾಗಿ ಕೂತಿರುವ ಬಾಡಿಯೇ ಹೆಚ್ಚು ಗೆಲ್ಲಿಸುತ್ತದೆ.

ಎನರ್ಜಿ ಅಂದರೇನು? ಆಯುಧ ಕೂರುತ್ತಿಲ್ಲವಲ್ಲ.

ಪ್ರತಿ ಬಾಡಿಗೂ ಇಷ್ಟೇ ಎಂಬ ಎನರ್ಜಿ ಇರುತ್ತದೆ. ಆಯುಧ, ಗ್ಯಾಜೆಟ್ ಎರಡೂ ಅದನ್ನು ಬಳಸುತ್ತವೆ. ಮೊತ್ತ ಮೀರಿದರೆ ಭಾಗ ಕೂರುವುದಿಲ್ಲ. ಬಲವಾದ ಆಯುಧವೊಂದೇ ಸಾಕೋ, ಇಲ್ಲ ಸಾಧಾರಣ ಆಯುಧದ ಜೊತೆ ಒಂದು ಗ್ಯಾಜೆಟ್ ಇರಲೋ ಎಂದು ನೀವು ತೂಗಿ ನೋಡಲೇಬೇಕಾದ ಒತ್ತಡ ಹುಟ್ಟುವುದು ಈ ಮಿತಿಯಿಂದ. ಇಡೀ ಆಟದಲ್ಲಿ ನನಗೆ ಅತ್ಯಂತ ಇಷ್ಟವಾದ ನಿಯಮ ಇದೇ. ಮಿತಿಯೇ ಇಲ್ಲದಿದ್ದರೆ ಎಲ್ಲರ ಗಾಡಿಯೂ ಒಂದೇ ಥರ ಇರುತ್ತಿತ್ತು.

ಯಾವ ಬಾಡಿ ಎಲ್ಲಕ್ಕಿಂತ ಒಳ್ಳೆಯದು?

ಎಲ್ಲಕ್ಕಿಂತ ಒಳ್ಳೆಯದು ಎಂಬುದಿಲ್ಲ. ಸ್ವಭಾವ ಹೇಳಬಹುದು. ಟೈಟಾನ್ ಎತ್ತರದ ಗಾಡಿ. ಆಯುಧ ಮೇಲೆ ಕೂರುವುದರಿಂದ ತಗ್ಗಿನ ಗಾಡಿಯ ತಲೆಯ ಮೇಲೆ ಹೊಡೆಯಬಲ್ಲದು, ಆದರೆ ಎತ್ತರ ಇರುವುದರಿಂದ ಸುಲಭವಾಗಿ ಉರುಳುತ್ತದೆ. ಸರ್ಫರ್ ತಗ್ಗು, ಉದ್ದ; ಎದುರಿನವನ ಕೆಳಗೆ ನುಗ್ಗಲು ಹೇಳಿ ಮಾಡಿಸಿದ ಆಕಾರ. ಬೌಲ್ಡರ್ ಗುಂಡಗಿದೆ, ಮಗುಚಿದರೂ ಉರುಳಿಕೊಂಡು ಹೋಗುವ ಸಾಧ್ಯತೆ ಹೆಚ್ಚು. ಕ್ಲಾಸಿಕ್ ಯಾವುದರಲ್ಲೂ ಅತಿ ಇಲ್ಲದ್ದು, ಕಲಿಯಲು ಅದೇ ಸರಿ.

ನನ್ನ ಸಲಹೆ: ಒಂದು ಬಾಡಿ ಹಿಡಿದು ಅದರ ಗುಣದೋಷ ಪೂರ್ತಿ ಗೊತ್ತಾಗುವವರೆಗೆ ಬಿಡಬೇಡಿ. ದಿನಕ್ಕೊಂದು ಬಾಡಿ ಬದಲಿಸುವವರಿಗೆ ಸೋಲಿನ ಕಾರಣ ಎಂದೂ ಗೊತ್ತಾಗುವುದಿಲ್ಲ.

ಆಯುಧ? ರಾಕೆಟ್ ಇದ್ದರೆ ಸಾಕಲ್ಲವೇ?

ರಾಕೆಟ್ ದೂರದಿಂದಲೇ ಹೊಡೆಯುತ್ತದೆ, ಆದ್ದರಿಂದ ಮೊದಲ ಪೆಟ್ಟು ಅದರದ್ದು. ಆದರೆ ಅದು ಗಾಡಿಯ ಮೂಗು ತಿರುಗಿದ ಕಡೆಗೇ ಹೋಗುತ್ತದೆ. ಎದುರಿನವನು ನಿಮ್ಮ ಮುಂಭಾಗವನ್ನು ಎತ್ತಿದರೆ ರಾಕೆಟ್ ಆಕಾಶಕ್ಕೆ. ಡ್ರಿಲ್ ಮತ್ತು ಗರಗಸ ತಾಗಿದಷ್ಟು ಹೊತ್ತು ಕೊರೆಯುತ್ತಲೇ ಇರುತ್ತವೆ. ತಾಗದಿದ್ದರೆ ಅವುಗಳ ಬಲ ಸೊನ್ನೆ. ಡ್ರಿಲ್ ಗಿಡ್ಡ, ನೇರ; ಗರಗಸ ಉದ್ದ. ಬ್ಲೇಡ್ ಮತ್ತು ಸ್ಟಿಂಗರ್ ಬೀಸಿ ಹೊಡೆಯುವಂಥವು, ಅವುಗಳಿಗೆ ಬೀಸಲು ಜಾಗ ಬೇಕು. ಎದುರಿನ ಗಾಡಿ ತೀರಾ ಒತ್ತಿ ನಿಂತರೆ ಪೆಟ್ಟು ಅವನ ಹಿಂದಕ್ಕೆ ಹೋಗಿ ಬೀಳುತ್ತದೆ.

ಆಯುಧ ಆರಿಸುವಾಗ ಕೇಳಿಕೊಳ್ಳಬೇಕಾದ್ದು ಒಂದೇ: ಈ ಜಾಗದಲ್ಲಿ ಇದನ್ನು ಕೂರಿಸಿದರೆ, ಕಾಳಗದ ಎಷ್ಟು ಹೊತ್ತು ಇದು ಎದುರಿನವನಿಗೆ ತಾಗಿಕೊಂಡಿರುತ್ತದೆ? ಅರ್ಧ ಹೊತ್ತು ತಾಗುವ 100 ಬಲದ ಗರಗಸಕ್ಕಿಂತ ಪೂರ್ತಿ ಹೊತ್ತು ತಾಗುವ 60 ಬಲದ ಡ್ರಿಲ್ ಮೇಲು.

ನನ್ನ ಗಾಡಿ ಪದೇ ಪದೇ ಮಗುಚುತ್ತದೆ. ಯಾಕೆ?

ಅತಿ ಹೆಚ್ಚು ಜನ ಕೇಳುವ ಪ್ರಶ್ನೆ ಇದು. ಸ್ವಲ್ಪ ಉದ್ದಕ್ಕೇ ಹೇಳುತ್ತೇನೆ.

ಯಾವುದೇ ಗಾಡಿಯ ತೂಕವೆಲ್ಲ ಒಂದು ಬಿಂದುವಿನಲ್ಲಿ ಕೂತಿದೆ ಎಂದುಕೊಳ್ಳಬಹುದು, ಅದೇ ಗುರುತ್ವ ಕೇಂದ್ರ. ಮುಂದಿನ ಚಕ್ರ ಮತ್ತು ಹಿಂದಿನ ಚಕ್ರ ನೆಲಕ್ಕೆ ತಾಗುವ ಎರಡು ಜಾಗಗಳ ನಡುವೆ ಆ ಬಿಂದುವಿನಿಂದ ಇಳಿಬಿಟ್ಟ ಗೆರೆ ಬೀಳುವವರೆಗೂ ಗಾಡಿ ನಿಲ್ಲುತ್ತದೆ. ಗೆರೆ ಆಚೆ ಹೋದ ಕ್ಷಣ ಉರುಳುತ್ತದೆ. ಬಿಂದು ಎತ್ತರದಲ್ಲಿದ್ದರೆ ಸ್ವಲ್ಪ ವಾಲಿದರೂ ಗೆರೆ ಆಚೆ ಹೋಗುತ್ತದೆ. ಚಕ್ರಗಳ ನಡುವಿನ ಅಂತರ ಕಡಿಮೆ ಇದ್ದರೂ ಅದೇ ಕತೆ. ಎತ್ತರದ ಟೈಟಾನ್ ಯಾಕೆ ಬೇಗ ಬೀಳುತ್ತದೆ, ಉದ್ದನೆಯ ಸರ್ಫರ್ ಯಾಕೆ ಗಟ್ಟಿಯಾಗಿ ನಿಲ್ಲುತ್ತದೆ ಎಂಬುದಕ್ಕೆ ಇಷ್ಟೇ ಉತ್ತರ.

ಇನ್ನು ನಿಮ್ಮನ್ನು ಮಗುಚಿ ಹಾಕುವವನು ಎದುರಿನವನು. ಅವನ ಮೂಗು ನಿಮ್ಮ ಮೂಗಿಗಿಂತ ತಗ್ಗಿದ್ದರೆ, ನೂಕಾಟದಲ್ಲಿ ಅವನು ನಿಮ್ಮ ಅಡಿಗೆ ಜಾರುತ್ತಾನೆ. ಆಮೇಲೆ ನಿಮ್ಮ ಚಕ್ರಗಳೇ ನಿಮ್ಮನ್ನು ಅವನ ಬೆನ್ನ ಮೇಲೆ ಹತ್ತಿಸುತ್ತವೆ, ಮುಂಭಾಗ ಎದ್ದೇಳುತ್ತದೆ, ಗಾಡಿ ಹಿಮ್ಮುಖವಾಗಿ ಬೀಳುತ್ತದೆ. ನಿಮ್ಮನ್ನು ಬೀಳಿಸಿದ್ದು ನಿಮ್ಮದೇ ಗಾಡಿಯ ವೇಗ.

ಪರಿಹಾರಗಳಲ್ಲಿ ಮೊದಲನೆಯದು, ಮುಂದೆ ಸಣ್ಣ ಚಕ್ರ, ಹಿಂದೆ ದೊಡ್ಡ ಚಕ್ರ. ಹೀಗೆ ಹಾಕಿದಾಗ ಇಡೀ ಬಾಡಿ ಮುಂದಕ್ಕೆ ಬಾಗಿ ಮೂಗು ನೆಲ ಮುಟ್ಟುವಷ್ಟು ತಗ್ಗುತ್ತದೆ. ಬಹಳ ಸಲ ಇಷ್ಟರಲ್ಲೇ ಸಮಸ್ಯೆ ಮುಗಿಯುತ್ತದೆ. ಮುಗಿಯದಿದ್ದರೆ ಮೇಲಿನ ಜಾಗದ ಆಯುಧವನ್ನು ಮುಂದಿನ ಜಾಗಕ್ಕೆ ತಂದು ನೋಡಿ. ಮುಂದಕ್ಕೆ ನೂಕುವ ಗ್ಯಾಜೆಟ್ ಆದ ಬೂಸ್ಟರ್ ಹಾಕಿದ್ದರೆ ಅದನ್ನು ತೆಗೆದು ಒಮ್ಮೆ ಆಡಿ. ಮೂಗು ಎದ್ದಿರುವ ಗಾಡಿಗೆ ವೇಗ ಕೊಟ್ಟಷ್ಟೂ ಪಲ್ಟಿ ಹೆಚ್ಚು.

ಮಗುಚಿದ ಮೇಲೂ ಗೆಲ್ಲುವ ಗಾಡಿ ಕಟ್ಟುವ ದಾರಿಯೂ ಇದೆ. ಬೆನ್ನ ಮೇಲೆ ಬಿದ್ದಾಗ ಯಾವ ಆಯುಧ ಯಾವ ಕಡೆ ತಿರುಗಿರುತ್ತದೆ ಎಂದು ಮೊದಲೇ ಯೋಚಿಸಿ ಕೂರಿಸುವವರಿದ್ದಾರೆ. ಅಂಥವರ ಗಾಡಿ ಬಿದ್ದಾಗಲೇ ಹೆಚ್ಚು ಅಪಾಯಕಾರಿ.

ಫೋರ್ಕ್‌ಲಿಫ್ಟ್ ಹಾಕಿರುವವರನ್ನು ಎದುರಿಸುವುದು ಹೇಗೆ?

ಫೋರ್ಕ್‌ಲಿಫ್ಟ್ ಎಂದರೆ ಎದುರಿನವನನ್ನು ಎತ್ತುವ ಗ್ಯಾಜೆಟ್, ಅದು ಕೆಲಸ ಮಾಡುವುದು ನಿಮ್ಮ ಮೂಗಿನ ಅಡಿಗೆ ಅದರ ಕೈ ತೂರಿದಾಗ ಮಾತ್ರ. ಹಾಗಾಗಿ ಒಂದೋ ಮೂಗು ಅವನಿಗಿಂತ ತಗ್ಗಿರಬೇಕು, ಇಲ್ಲವೇ ಹತ್ತಿರವೇ ಹೋಗಬಾರದು. ಹಿಂದಕ್ಕೆ ಸರಿಯುವ ಬ್ಯಾಕ್‌ಪೆಡಲ್ ಜೊತೆ ರಾಕೆಟ್ ಹಾಕಿದ ಗಾಡಿ ಅವನಿಗೆ ನಿಜವಾದ ತಲೆನೋವು. ಉದ್ದನೆಯ ಗರಗಸವೂ ಸರಿಯೇ, ಕೈ ತೂರುವ ಮೊದಲೇ ಕೊರೆಯಲು ಶುರುಮಾಡುತ್ತದೆ.

ಅಪ್‌ಗ್ರೇಡ್ ಯಾವುದಕ್ಕೆ ಮೊದಲು? ಆರೋಗ್ಯಕ್ಕೋ, ಹೊಡೆತಕ್ಕೋ?

ಲೆಕ್ಕ ಹಾಕೋಣ. ನಿಮ್ಮ ಆರೋಗ್ಯ 1000, ಹೊಡೆತ ಸೆಕೆಂಡಿಗೆ 100 ಎಂದಿರಲಿ, ಎದುರಿನವನದ್ದೂ ಅಷ್ಟೇ. ಇಬ್ಬರೂ 10 ಸೆಕೆಂಡಿಗೆ ಮುಗಿಯುತ್ತೀರಿ. ಈಗ ನಿಮ್ಮ ಬಳಿ ಬಲವನ್ನು ಶೇ 100ರಷ್ಟು ಹೆಚ್ಚಿಸುವ ಸಾಮಗ್ರಿ ಇದೆ. ಎಲ್ಲವನ್ನೂ ಹೊಡೆತಕ್ಕೆ ಸುರಿದರೆ ನಿಮ್ಮ ಒಟ್ಟು ಶಕ್ತಿ ಮೊದಲಿನ 2 ಪಟ್ಟು. ಅರ್ಧರ್ಧ ಹಂಚಿದರೆ ಆರೋಗ್ಯ 1.5 ಪಟ್ಟು, ಹೊಡೆತ 1.5 ಪಟ್ಟು, ಎರಡನ್ನೂ ಗುಣಿಸಿದರೆ 2.25. ಹೊಡೆಯುವ ಕಾಲ ಮತ್ತು ಹೊಡೆಯುವ ಬಲ ಒಂದಕ್ಕೊಂದು ಗುಣಿಸಿಕೊಳ್ಳುವುದರಿಂದ ಸಮತೋಲನಕ್ಕೆ ಯಾವಾಗಲೂ ಹೆಚ್ಚಿನ ಫಲ.

ಇದಕ್ಕೊಂದು ಅಪವಾದವಿದೆ. ನಿಮ್ಮ ಗಾಡಿಯ ಉಪಾಯವೇ ಎದುರಿನವನನ್ನು ಮೂರು ಸೆಕೆಂಡಿನಲ್ಲಿ ಮಗುಚಿ ಹಾಕಿ ಅವನ ಆಯುಧ ತಾಗದಂತೆ ಮಾಡುವುದಾಗಿದ್ದರೆ, ಆರೋಗ್ಯಕ್ಕೆ ಹೆಚ್ಚು ಸುರಿಯಬೇಕಾಗಿಲ್ಲ. ಆದರೆ ಆ ಉಪಾಯ ಹತ್ತರಲ್ಲಿ ಎಂಟು ಸಲವಾದರೂ ನಡೆಯುತ್ತದೆ ಎಂಬ ಖಾತ್ರಿ ಇದ್ದಾಗ ಮಾತ್ರ.

ನನ್ನ ಗಾಡಿಯ ನಂಬರ್‌ಗಳು ಜಾಸ್ತಿ ಇದ್ದವು. ಆದರೂ ಸೋತೆ. ಮೋಸ ನಡೆಯುತ್ತಿದೆಯೇ?

ಇಲ್ಲ. ನಂಬರ್ ತೋರಿಸುವುದು ಆರೋಗ್ಯ ಮತ್ತು ಹೊಡೆತವನ್ನು ಮಾತ್ರ. ನಿಮ್ಮ ಆಯುಧ ಗಾಳಿಗೆ ಹೊಡೆಯುತ್ತಿತ್ತೋ, ಅವನ ಡ್ರಿಲ್ ನಿಮ್ಮ ಹೊಟ್ಟೆಯಡಿ ಸಿಕ್ಕಿಕೊಂಡಿತ್ತೋ ಎಂಬುದು ಯಾವ ನಂಬರ್‌ನಲ್ಲೂ ಕಾಣುವುದಿಲ್ಲ. ಆಕಾರಗಳ ನಡುವೆ ಒಂದನ್ನೊಂದು ಸೋಲಿಸುವ ಸರಪಳಿಯೂ ಇದೆ: ತಗ್ಗಿನ ಗಾಡಿ ಎತ್ತರದ್ದನ್ನು ಮಗುಚುತ್ತದೆ, ಮೇಲಿಂದ ಬೀಸಿ ಹೊಡೆಯುವ ಗಾಡಿ ತಗ್ಗಿನದನ್ನು ತಿನ್ನುತ್ತದೆ, ದೂರದಿಂದ ಹೊಡೆಯುವುದು ಬೀಸುವುದನ್ನು ಹತ್ತಿರ ಬರಲು ಬಿಡುವುದಿಲ್ಲ. ಎಲ್ಲರನ್ನೂ ಸೋಲಿಸುವ ಗಾಡಿ ಯಾರ ಹತ್ತಿರವೂ ಇಲ್ಲ.

ಭಾಗಗಳ ಮೇಲೆ ಬರೆದಿರುವ ಬೋನಸ್ ಕೂಡ ಓದಿ. ಕೆಲವು ಭಾಗಗಳು ನಿರ್ದಿಷ್ಟ ಆಯುಧಕ್ಕೋ ಚಕ್ರಕ್ಕೋ ಶೇಕಡಾವಾರು ಬಲ ಸೇರಿಸುತ್ತವೆ. ಹೊಂದಿಕೆಯಾಗುವ ಎರಡು ಸಾಧಾರಣ ಭಾಗಗಳು ಹೊಂದಿಕೆಯಾಗದ ಎರಡು ಬಲವಾದ ಭಾಗಗಳನ್ನು ಹಿಂದೆ ಹಾಕುವುದು ಸಾಮಾನ್ಯ.

ಕಾಳಗ ಮುಗಿಯದಿದ್ದರೆ ಗೋಡೆಗಳು ಒಳಕ್ಕೆ ಬರುತ್ತವಲ್ಲ, ಅದೇನು?

ಕಾಳಗ ಎಳೆದಾಡಿದರೆ ಎರಡೂ ಬದಿಯಿಂದ ಗರಗಸದ ಗೋಡೆಗಳು ಮುಚ್ಚಿಕೊಳ್ಳುತ್ತವೆ. ಆ ಹೊತ್ತಿಗೆ ಗೋಡೆಗೆ ಹತ್ತಿರ ಇರುವವನು ಮೊದಲು ಸಾಯುತ್ತಾನೆ. ನೂಕುವ ಬಲ ಇರುವ ಗಾಡಿಗೆ ಇದು ವರ, ಎದುರಿನವನನ್ನು ಗೋಡೆಯವರೆಗೆ ತಳ್ಳಿಕೊಂಡು ಹೋದರೆ ಸಾಕು. ಹಿಂದೆ ಸರಿದು ಹೊಡೆಯುವ ರಾಕೆಟ್ ಗಾಡಿಯವರು ಇದನ್ನು ಲೆಕ್ಕಕ್ಕೆ ಇಟ್ಟುಕೊಳ್ಳಬೇಕು.

ಬೇಡವಾದ ಭಾಗಗಳನ್ನು ಏನು ಮಾಡಲಿ?

ಒಳ್ಳೆಯ ಭಾಗಕ್ಕೆ ಸೇರಿಸಿ ಅದರ ಬಲ ಹೆಚ್ಚಿಸಿ. ಆದರೆ ಚಾಂಪಿಯನ್‌ಶಿಪ್‌ನಲ್ಲಿ ಮುಂದಿನ ಹಂತಕ್ಕೆ ಏರುವ ಹೊಸ್ತಿಲಲ್ಲಿದ್ದರೆ ಕೈ ಹಿಡಿದುಕೊಳ್ಳಿ. ಮೇಲಿನ ಹಂತದಲ್ಲಿ ಸಿಗುವ ಸಾಧಾರಣ ಭಾಗವೇ ಕೆಳಗಿನ ಹಂತದ ಉತ್ತಮ ಭಾಗವನ್ನು ಮೀರಿಸಬಹುದು. ಎಲ್ಲವನ್ನೂ ಹಳೆಯದಕ್ಕೆ ಸುರಿದಿದ್ದರೆ ಹೊಸದಕ್ಕೆ ಏನೂ ಉಳಿದಿರುವುದಿಲ್ಲ.

ಬೇಗ ಬೇಗ ಮೇಲಿನ ಹಂತಕ್ಕೆ ಹೋಗುವುದು ಒಳ್ಳೆಯದೇ?

ಗಾಡಿ ಗೆಲ್ಲುತ್ತಿದ್ದರೆ ಹೋಗಿ. ಎಳೆದುಕೊಂಡು ಹೋಗಬೇಕಾಗಿಲ್ಲ. ಪ್ರತಿ ಹಂತದಲ್ಲೂ ಎಲ್ಲ ಬಗೆಯ ಬಾಡಿಗಳನ್ನು ಎದುರಿಸುವಷ್ಟು ಕಾಲ ಇದ್ದವರು ಮೇಲೆ ಹೋದಾಗ ಒದ್ದಾಡುವುದಿಲ್ಲ.

ಬಾಕ್ಸ್ ತೆರೆಯಲು ಗಂಟೆಗಟ್ಟಲೆ ಕಾಯಬೇಕೇ?

ಬಿಡಿಭಾಗಗಳು ಸಿಗುವ ಈ ಬಾಕ್ಸ್‌ಗಳಿಗೆ ಕಾಯಬೇಕು, ಇಲ್ಲವೇ ಜೆಮ್ಸ್ (ದುಡ್ಡು ಕೊಟ್ಟೂ ಕೊಳ್ಳಬಹುದಾದ ಆಟದೊಳಗಿನ ಹಣ) ಕೊಡಬೇಕು. ಈ ಬಗೆಯ ಉಚಿತ ಆಟಗಳು ಮಾರುವ ಮುಖ್ಯ ಸರಕೇ ಇದು, ನಿಮ್ಮ ಕಾಯುವಿಕೆ. ಹೆಚ್ಚು ಹೊತ್ತು ಹಿಡಿಯುವ ಬಾಕ್ಸನ್ನು ಮಲಗುವ ಮೊದಲು ಹಚ್ಚಿಡಿ, ಕಡಿಮೆ ಹೊತ್ತಿನದ್ದನ್ನು ಎಚ್ಚರವಿದ್ದಾಗ. ಅಷ್ಟು ಮಾಡಿದರೆ ಜೆಮ್ಸ್ ಬೇಕೆನಿಸುವ ಸಂದರ್ಭಗಳೇ ಕಡಿಮೆಯಾಗುತ್ತವೆ.

ಒಂದು ಪೈಸೆಯೂ ಹಾಕದೆ ಆಡಬಹುದೇ?

ಆಡಬಹುದು, ಚೆನ್ನಾಗಿಯೇ ಆಡಬಹುದು. ಪಟ್ಟಿಯ ತುತ್ತತುದಿಯಲ್ಲಿ ದುಡ್ಡು ಹಾಕಿದವರ ಜೊತೆ ಹೆಗಲೆಣೆಯಾಗಿ ನಿಲ್ಲುವುದು ಕಷ್ಟ, ಅದನ್ನು ಮುಚ್ಚಿಡುವುದರಲ್ಲಿ ಅರ್ಥವಿಲ್ಲ. ದುಡ್ಡು ಕೊಡುವುದು ಕಾಲವನ್ನು ಮತ್ತು ಹೆಚ್ಚು ಬಾಕ್ಸ್‌ಗಳನ್ನು. ಗಾಡಿ ಹೇಗೆ ಕಟ್ಟಬೇಕೆಂಬ ತಿಳಿವಳಿಕೆಯನ್ನು ಕೊಡುವುದಿಲ್ಲ. ದುಬಾರಿ ಭಾಗಗಳನ್ನು ಅಡ್ಡಾದಿಡ್ಡಿ ಜೋಡಿಸಿದ ಗಾಡಿಯೊಂದು ಸಣ್ಣ ತಗ್ಗಿನ ಗಾಡಿಯ ಮೇಲೆ ಹತ್ತಿ ಮಕಾಡೆ ಬೀಳುವುದನ್ನು ನೋಡಿದವರಿಗೆ ಇದು ಗೊತ್ತು. ಆಟ ಇಷ್ಟವಾಗಿ, ಮಾಡಿದವರಿಗೆ ಏನಾದರೂ ಕೊಡಬೇಕೆನಿಸಿದರೆ ತಿಂಗಳಿಗೆ ಇಷ್ಟೇ ಎಂದು ಮೊದಲೇ ನಿಗದಿ ಮಾಡಿಕೊಂಡು ಕೊಡಿ. ಸೋತ ಸಿಟ್ಟಿನಲ್ಲಿ ಮಾತ್ರ ಅಂಗಡಿಯ ಬಟನ್ ಒತ್ತಬೇಡಿ.

ಬಾಕ್ಸ್‌ನಲ್ಲಿ ಅಪರೂಪದ ಭಾಗ ಬರುವ ಸಾಧ್ಯತೆ ಎಷ್ಟು? ನೂರು ತೆರೆದರೆ ಬರಲೇಬೇಕಲ್ಲ?

ಆಟದೊಳಗೆ ತೋರಿಸುವ ಸಾಧ್ಯತೆಯ ಪ್ರಮಾಣವನ್ನು ಓದಿ, ಆದರೆ ಸರಿಯಾಗಿ ಅರ್ಥ ಮಾಡಿಕೊಂಡು ಓದಿ. ಶೇ 1 ಎಂದರೆ ನೂರಕ್ಕೆ ಒಂದು ಖಚಿತ ಎಂದಲ್ಲ. ಒಂದು ಬಾಕ್ಸ್‌ನಲ್ಲಿ ಬಾರದಿರುವ ಸಾಧ್ಯತೆ 0.99. ನೂರು ಬಾಕ್ಸ್‌ಗಳಲ್ಲೂ ಬಾರದಿರುವ ಸಾಧ್ಯತೆ 0.99ನ್ನು ನೂರು ಸಲ ಗುಣಿಸಿದಷ್ಟು, ಅಂದರೆ ಸುಮಾರು 0.37. ನೂರು ತೆರೆದವರಲ್ಲಿ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಜನ ಬರಿಗೈಯಲ್ಲಿ ಕೂರುತ್ತಾರೆ. ‘ಇಷ್ಟು ಹೊತ್ತು ಬಂದಿಲ್ಲ, ಮುಂದಿನದರಲ್ಲಿ ಬಂದೇ ಬರುತ್ತದೆ’ ಎಂಬುದೂ ತಪ್ಪು. ಬಾಕ್ಸ್‌ಗೆ ಹಿಂದಿನದರ ನೆನಪಿಲ್ಲ. ಇಷ್ಟು ತೆರೆದ ಮೇಲೆ ಖಚಿತ ಎಂದು ಆಟವೇ ಬರೆದು ತೋರಿಸಿದ್ದರೆ ಮಾತ್ರ ಆ ಮಾತು ಬೇರೆ.

ಹಾಗಾದರೆ ಇದು ಜೂಜಲ್ಲವೇ?

ಇದು ಬರೀ ಮನೆಯವರ ಆತಂಕ ಅಲ್ಲ, ಸರ್ಕಾರಗಳೂ ಕೇಳಿದ ಪ್ರಶ್ನೆ. ಹಲವು ವಸ್ತುಗಳ ಪೂರ್ತಿ ಗುಂಪನ್ನು ಅದೃಷ್ಟದ ಮೇಲೆ ಸಂಗ್ರಹಿಸಿದರೆ ಮಾತ್ರ ದೊಡ್ಡ ಬಹುಮಾನ ಎಂಬ ‘ಕಂಪ್ಲೀಟ್ ಗಾಚಾ’ ಪದ್ಧತಿಯನ್ನು ಜಪಾನ್ 2012ರಲ್ಲೇ ತಡೆಯಿತು. ಚೀನಾ 2017ರಲ್ಲಿ ಸಾಧ್ಯತೆಯ ಪ್ರಮಾಣ ಪ್ರಕಟಿಸುವುದನ್ನು ಕಡ್ಡಾಯ ಮಾಡಿತು. ಅದೇ ವರ್ಷದ ಡಿಸೆಂಬರ್‌ನಲ್ಲಿ ಆಪಲ್ ತನ್ನ ಆಪ್ ಸ್ಟೋರ್‌ಗೆ ಅದೇ ನಿಯಮ ತಂದಿತು, 2019ರಲ್ಲಿ ಗೂಗಲ್ ಪ್ಲೇ ತಂದಿತು. ಬೆಲ್ಜಿಯಂನ ಜೂಜು ಆಯೋಗ 2018ರ ಏಪ್ರಿಲ್‌ನಲ್ಲಿ ಇನ್ನೂ ಮುಂದೆ ಹೋಗಿ, ತಾನು ಪರಿಶೀಲಿಸಿದ ಕೆಲವು ಆಟಗಳ ಹಣ ಕೊಟ್ಟು ತೆರೆಯುವ ಬಾಕ್ಸ್‌ಗಳು ಜೂಜಿನ ಕಾನೂನಿಗೆ ವಿರುದ್ಧ ಎಂದಿತು. ಆಮೇಲೆ ಹಲವು ಕಂಪನಿಗಳು ಅಲ್ಲಿ ಅಂಥ ಮಾರಾಟವನ್ನೇ ನಿಲ್ಲಿಸಿದವು.

ನನ್ನ ಅಭಿಪ್ರಾಯ ಸ್ಪಷ್ಟ. ಆಡಿ ಗೆದ್ದ ಬಾಕ್ಸ್ ತೆರೆಯುವುದು ಬೇರೆ, ದುಡ್ಡು ಕೊಟ್ಟು ಅದೃಷ್ಟ ಕೊಳ್ಳುವುದು ಬೇರೆ. ಎರಡನೆಯದನ್ನು ಮಕ್ಕಳ ಕೈಗೆ ಕೊಡಲೇಬಾರದು. ದೊಡ್ಡವರೂ ಏನು ಸಿಗುತ್ತದೆಂದು ಮೊದಲೇ ಕಾಣುವ ವಸ್ತುವನ್ನೇ ಕೊಳ್ಳುವುದು ಉತ್ತಮ.

ಬೇರೆಯವರ ಕಾಳಗದ ಮೇಲೆ ಪಣ ಕಟ್ಟುವುದು ಇದೆಯಲ್ಲ?

ಅದು ಆಟದೊಳಗಿನದ್ದು, ಗೆದ್ದರೂ ನಗದು ಬರುವುದಿಲ್ಲ. ಎರಡು ಗಾಡಿಗಳನ್ನು ನೋಡಿ ಯಾರು ಗೆಲ್ಲುತ್ತಾರೆಂದು ಊಹಿಸುವ ಅಭ್ಯಾಸ ಗಾಡಿ ಕಟ್ಟುವವರಿಗೆ ತುಂಬಾ ಕೆಲಸಕ್ಕೆ ಬರುತ್ತದೆ. ಆದರೆ ಚಿಕ್ಕ ಮಕ್ಕಳು ಆಡುತ್ತಿದ್ದರೆ ಜೊತೆಯಲ್ಲಿ ಕೂತು ಇದನ್ನು ಬಿಡಿಸಿ ಹೇಳಿ.

ಮಗು ಗೊತ್ತಿಲ್ಲದೆ ಜೆಮ್ಸ್ ಕೊಂಡುಬಿಟ್ಟಿದೆ. ಹಣ ವಾಪಸ್ ಬರುತ್ತದೆಯೇ?

ತಡಮಾಡಬೇಡಿ. ಗೂಗಲ್ ಪ್ಲೇಯಲ್ಲಿ ಕೊಂಡ 48 ಗಂಟೆಯೊಳಗೆ ಖರೀದಿ ಪಟ್ಟಿಯಿಂದಲೇ ಮರುಪಾವತಿ ಕೇಳಬಹುದು. ಐಫೋನ್ ಆದರೆ ಆಪಲ್‌ನ ‘ರಿಪೋರ್ಟ್ ಎ ಪ್ರಾಬ್ಲಮ್’ ಪುಟದಲ್ಲಿ ಕೇಳಬೇಕು. ಎರಡರಲ್ಲೂ ಕಾರಣವನ್ನು ಇದ್ದಹಾಗೆ ಬರೆಯಿರಿ. ಕೊಂಡ ಜೆಮ್ಸ್ ಖರ್ಚಾಗದಂತೆ ಆಟವನ್ನು ಅಲ್ಲಿಗೇ ನಿಲ್ಲಿಸಿ.

ಆಮೇಲೆ ಬಾಗಿಲು ಹಾಕಿ. ಪ್ಲೇ ಸ್ಟೋರ್ ಸೆಟ್ಟಿಂಗ್ಸ್‌ನಲ್ಲಿ ಪ್ರತಿ ಖರೀದಿಗೂ ಪಾಸ್‌ವರ್ಡ್ ಅಥವಾ ಬೆರಳಚ್ಚು ಕೇಳುವಂತೆ ಇಡಬಹುದು. ಮಗುವಿಗೆ ಬೇರೆ ಖಾತೆ ಇದ್ದರೆ ಫ್ಯಾಮಿಲಿ ಲಿಂಕ್ ಮೂಲಕ ನಿಮ್ಮ ಒಪ್ಪಿಗೆ ಕಡ್ಡಾಯ ಮಾಡಬಹುದು. ಐಫೋನ್‌ನಲ್ಲಿ ಸ್ಕ್ರೀನ್ ಟೈಮ್ ಒಳಗೆ ಆಪ್ ಖರೀದಿಯನ್ನೇ ಬಂದ್ ಮಾಡುವ ಆಯ್ಕೆಯಿದೆ. ಫ್ಯಾಮಿಲಿ ಶೇರಿಂಗ್ ಇದ್ದರೆ ‘ಆಸ್ಕ್ ಟು ಬೈ’ ಹಾಕಿ, ಖರೀದಿಗೆ ಮೊದಲು ನಿಮ್ಮ ಒಪ್ಪಿಗೆ ಕೇಳುತ್ತದೆ. ಮಗುವನ್ನು ಬೈಯುವುದರಿಂದ ಪ್ರಯೋಜನವಿಲ್ಲ. ಹೊಳೆಯುವ ಬಟನ್ ಒತ್ತಿಸಲೆಂದೇ ಮಾಡಿದ್ದು, ಮಗು ಒತ್ತಿದೆ.

ಉಚಿತ ಜೆಮ್ಸ್ ಕೊಡುವ ಸೈಟ್‌ಗಳು, ಮಾಡ್ ಎಪಿಕೆ?

ಎರಡೂ ಬೇಡ. ಹೊರಗಿನ ಯಾವ ಸೈಟ್‌ಗೂ ನಿಮ್ಮ ಖಾತೆಗೆ ಜೆಮ್ಸ್ ತುಂಬಲು ಬರುವುದಿಲ್ಲ. ಅವರಿಗೆ ಬೇಕಿರುವುದು ನಿಮ್ಮ ಪಾಸ್‌ವರ್ಡ್ ಅಥವಾ ನೀವು ತುಂಬುವ ಸರ್ವೆ. ಮಾಡ್ ಫೈಲ್ ಎಂದರೆ ಯಾರೋ ಬಿಚ್ಚಿ ಮತ್ತೆ ಹೊಲಿದ ಆಪ್, ಒಳಗೆ ಏನು ಸೇರಿಸಿದ್ದಾರೆಂದು ನಿಮಗೆ ಗೊತ್ತಾಗುವುದಿಲ್ಲ. ಸಿಕ್ಕಿಬಿದ್ದರೆ ಖಾತೆಯೂ ಹೋಗುತ್ತದೆ.

ಇಂಟರ್ನೆಟ್ ಇಲ್ಲದೆ ಆಡಬಹುದೇ? ಫೋನ್ ಬದಲಿಸಿದರೆ?

ಎದುರಾಳಿಗಳ ಗಾಡಿಗಳು ಸರ್ವರ್‌ನಿಂದ ಬರುವುದರಿಂದ ಇಂಟರ್ನೆಟ್ ಬೇಕೇ ಬೇಕು. ಫೋನ್ ಬದಲಿಸುವ ಮೊದಲು ಹಳೆಯ ಫೋನಿನಲ್ಲೇ ಆಟವನ್ನು ನಿಮ್ಮ ಖಾತೆಗೆ ಜೋಡಿಸಿಕೊಳ್ಳಿ. ಜೋಡಿಸದೆ ಅನ್‌ಇನ್‌ಸ್ಟಾಲ್ ಮಾಡಿದರೆ ಗಾಡಿಗಳು ಹೋದಂತೆಯೇ.

ಗ್ಯಾಂಗ್ ಸೇರಬೇಕೇ?

ಗ್ಯಾಂಗ್ ಎಂದರೆ ಆಟಗಾರರ ಗುಂಪು, ಸೇರಿ. ಬಹುಮಾನಕ್ಕಿಂತ ಹೆಚ್ಚಾಗಿ, ಬೇರೆಯವರು ಕಟ್ಟಿದ ಗಾಡಿಗಳನ್ನು ಹತ್ತಿರದಿಂದ ನೋಡಲು ಸಿಗುತ್ತದೆ.

ಇದರಿಂದ ಏನಾದರೂ ಕಲಿಯುವುದಿದೆಯೇ?

ಇದೆ ಎಂದು ನಾನು ಗಟ್ಟಿಯಾಗಿ ನಂಬುತ್ತೇನೆ. ತಗ್ಗಿನ ಗಾಡಿ ಯಾಕೆ ಗೆಲ್ಲುತ್ತದೆ ಎಂಬ ಪಾಠ ಈ ಆಟದ ಕಲ್ಪನೆಯಲ್ಲ. ನಿಜವಾದ ಲೋಹದ ರೋಬಾಟ್‌ಗಳನ್ನು ಕಾಳಗಕ್ಕೆ ಬಿಡುವ ‘ರೋಬಾಟ್ ವಾರ್ಸ್’ ಸ್ಪರ್ಧೆಯನ್ನು ಮಾರ್ಕ್ ಥಾರ್ಪ್ 1994ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಶುರುಮಾಡಿದರು. ಆ ಬಗೆಯ ಸ್ಪರ್ಧೆಗಳಲ್ಲೂ ನೆಲಕ್ಕೆ ಅಂಟಿದ ಬೆಣೆಯಾಕಾರದ ರೋಬಾಟ್‌ಗಳು, ಎತ್ತಿ ಎಸೆಯುವ ರೋಬಾಟ್‌ಗಳು, ಗಿರ್ರನೆ ತಿರುಗುವ ಬ್ಲೇಡ್‌ನವು ಇವೆ, ಇದೇ ಹಗ್ಗಜಗ್ಗಾಟವೂ ಇದೆ. ಪರದೆಯ ಮೇಲೆ ಮೂಗು ತಗ್ಗಿಸುವುದನ್ನು ಕಲಿತ ಹುಡುಗಿಯೊಬ್ಬಳು ನಾಳೆ ನಿಜವಾದ ಮೋಟರ್, ನಿಜವಾದ ಚಕ್ರ ಹಿಡಿದಾಗ ಗುರುತ್ವ ಕೇಂದ್ರ ಎಂಬುದು ಆಕೆಗೆ ಬಾಯಿಪಾಠದ ವಿಷಯವಾಗಿರುವುದಿಲ್ಲ.

ಗಾಡಿಯನ್ನು ನಾನೇ ಓಡಿಸಬೇಕು. ಅಂಥ ಆಟ ಇದೆಯೇ?

ಇದೆ. ಕ್ರಾಸ್‌ಔಟ್ ಮೊಬೈಲ್ ನೋಡಿ. ಅಲ್ಲೂ ಗಾಡಿ ಕಟ್ಟುವುದಿದೆ, ಆದರೆ ಓಡಿಸುವುದು, ಗುರಿಯಿಡುವುದು ಎಲ್ಲ ನಿಮ್ಮದೇ. ಬಂದೂಕು ಕಿತ್ತುಹೋದರೆ ಅದಿಲ್ಲದೆಯೇ ಹೋರಾಡಬೇಕು. ಹೆಚ್ಚು ಗಡಿಬಿಡಿಯ, ಹೆಚ್ಚು ಸಮಯ ಕೇಳುವ ಆಟ.

ಸತತವಾಗಿ ಸೋಲುತ್ತಿದ್ದೇನೆ. ಎಲ್ಲಿಂದ ಸರಿಮಾಡಲಿ?

ಸೋತ ಕಾಳಗದ ಮರುಪ್ರಸಾರ ತೆರೆಯಿರಿ. ಮೊದಲ ಸಲ ನೋಡುವಾಗ ಕಣ್ಣು ಮೂಗಿನ ಮೇಲಿರಲಿ: ಡಿಕ್ಕಿಯಾದ ಕ್ಷಣ ಯಾರ ಮೂಗು ಯಾರ ಅಡಿಗೆ ಹೋಯಿತು? ಎರಡನೇ ಸಲ ನಿಮ್ಮ ಆಯುಧವನ್ನು ಮಾತ್ರ ನೋಡಿ, ಎಷ್ಟು ಹೊತ್ತು ತಾಗಿತು, ಎಷ್ಟು ಹೊತ್ತು ಗಾಳಿಯಲ್ಲಿತ್ತು? ಮೂರನೇ ಸಲ ಎದುರಿನವನ ಆಯುಧವನ್ನು. ಇಷ್ಟರಲ್ಲಿ ಕಾರಣ ಸಿಕ್ಕಿರುತ್ತದೆ.

ಈಗ ಒಂದೇ ಒಂದು ಭಾಗ ಬದಲಿಸಿ. ಚಕ್ರ ಬದಲಿಸಿದರೆ ಆಯುಧ ಮುಟ್ಟಬೇಡಿ. ಹಾಗೆಯೇ ಹಲವು ಕಾಳಗ ಆಡಿ, ಯಾಕೆಂದರೆ ಒಂದೇ ಗೆಲುವು ಎದುರಾಳಿ ದುರ್ಬಲನಾಗಿದ್ದರಿಂದಲೂ ಬಂದಿರಬಹುದು. ಉಪಯೋಗವಾಗದಿದ್ದರೆ ಹಳೆಯದನ್ನು ಮತ್ತೆ ಹಾಕಿ, ಮುಂದಿನ ಭಾಗಕ್ಕೆ ಹೋಗಿ. ನಿಮ್ಮನ್ನು ಸೋಲಿಸಿದವನ ಗಾಡಿಯ ಸ್ಕ್ರೀನ್‌ಶಾಟ್ ಇಟ್ಟುಕೊಳ್ಳಿ. ಚಕ್ರದ ಅಳತೆ, ಆಯುಧದ ಎತ್ತರ ಎರಡನ್ನೂ ನಿಮ್ಮ ಗಾಡಿಯ ಪಕ್ಕದಲ್ಲಿಟ್ಟು ಹೋಲಿಸಿ ನೋಡಿ.